ದೇವರ ಎತ್ತುಗಳಿಗೆ ಮೇವು ಬ್ಯಾಂಕ್ ಬೇಕು

ಮಳೆ ಕೈಕೊಟ್ಟಾಗಲೆಲ್ಲ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಭಾಗದ ದೇವರ ಎತ್ತುಗಳು ಮೇವಿಲ್ಲದೆ ಸೊರಗುತ್ತಿವೆ. ದೇವರ ಹೆಸರಿಗೆ ಬಿಟ್ಟ ಈ ದನಗಳು ಒಬ್ಬರ ಸ್ವತ್ತಲ್ಲ, ಮ್ಯಾಸ ನಾಯಕ ಸಮುದಾಯದವರು ಒಟ್ಟಾಗಿ ಸಾಕುವ ಹಿಂಡು. ಉಳುಮೆಗೆ ಕಟ್ಟುವುದಿಲ್ಲ, ಹಾಲಿನ ವ್ಯಾಪಾರವಿಲ್ಲ. ಮೇವಿಗೆ ದುಡ್ಡು ಬರುವುದಾದರೂ ಎಲ್ಲಿಂದ? ಮೇಯಲು ಆಸರೆಯಾಗಿದ್ದ ಕಾವಲುಗಳಲ್ಲಿ (ಹುಲ್ಲುಗಾವಲುಗಳಲ್ಲಿ) ಸಾವಿರಾರು ಎಕರೆ ಬೇರೆ ಯೋಜನೆಗಳ ಪಾಲಾಗಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ಅಂಥ ವರ್ಷ ಈ ದನ ಕಾಯುವ ಕಿಲಾರಿಗಳು ಹಿಂಡು ಹೊಡೆದುಕೊಂಡು ಎಷ್ಟು ದೂರ ಹೋದರೂ ಸುಮ್ನೆ ಅಲೆದಾಟ, ಅಲ್ವಾ? ದನಗಳ ಪಕ್ಕೆಲುಬು ಕಂಡ ಮೇಲೆ ಗೋಶಾಲೆ ತೆರೆದು ಏನು ಪ್ರಯೋಜನ? ಸುಗ್ಗಿಯಲ್ಲಿ ಶೇಂಗಾ ಬಳ್ಳಿ, ರಾಗಿ ಹುಲ್ಲು ಅಗ್ಗವಾಗಿ ಸಿಗುತ್ತದೆ. ಜಿಲ್ಲಾಡಳಿತ ಆಗಲೇ ಅದನ್ನು ಕೊಂಡು ಹಟ್ಟಿಗಳ ಹತ್ತಿರವೇ ಮೇವು ಬ್ಯಾಂಕ್ ಮಾಡಲಿ. ಅದರ ಉಸ್ತುವಾರಿ ಕಿಲಾರಿಗಳಿಗೇ ಇರಲಿ.

– ಓದುಗ, ಚಳ್ಳಕೆರೆ