ರಾತ್ರಿ ಎಬ್ಬಿಸಿದವರಿಗೆ

ಮೊಣಕೈಯಲ್ಲಿ ಇನ್ನೂ ಒಂದು ಮುಳ್ಳಿನ ತುದಿ ಉಳಿದಿದೆ. ಮೇಜಿಗೆ ತಾಗಿದಾಗಲೆಲ್ಲ ಚುರ್ ಅನ್ನುತ್ತದೆ. ಅದು ಹೊರಗೆ ಬರುವುದರೊಳಗೆ ಈ ಬರಹ ಮುಗಿಸಬೇಕು ಅಂತ ಕೂತಿದ್ದೇನೆ. ಆಮೇಲೆ ನಾನು ಬರೆಯುವವನಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆಗೆ ಅಂಟಿಕೊಂಡ ಶನಿವಾರ-ಭಾನುವಾರ ನಾವು ನಾಲ್ಕು ಜನ ಸೇರಿ '24 ಅವರ್ಸ್ ಇನ್ ದಿ ಓಲ್ಡ್ ಪ್ವೆಬ್ಲೊ' ಅನ್ನುವ ಮೌಂಟನ್ ಬೈಕ್ ರಿಲೇ ಮುಗಿಸಿದೆವು. ಓಲ್ಡ್ ಪ್ವೆಬ್ಲೊ ಅಂದರೆ ಅರಿಝೋನಾದ ಟೂಸಾನ್‌ಗೆ ಇರುವ ಅಡ್ಡಹೆಸರು. ರೇಸ್ ನಡೆಯುವುದು ಊರೊಳಗಲ್ಲ, ಅಲ್ಲಿಂದ ಉತ್ತರಕ್ಕೆ, ಆರಕಲ್ ಹತ್ತಿರದ ಮರುಭೂಮಿಯಲ್ಲಿ. ಶನಿವಾರ ಮಧ್ಯಾಹ್ನ 12ಕ್ಕೆ ಶುರುವಾದರೆ ಭಾನುವಾರ ಮಧ್ಯಾಹ್ನದ ತನಕ ನಿಲ್ಲುವ ಹಾಗಿಲ್ಲ. ಸುಮಾರು 16 ಮೈಲಿಯ, ಅಂದರೆ ಹತ್ತಿರ ಹತ್ತಿರ 26 ಕಿಲೋಮೀಟರಿನ ಒಂದು ಸುತ್ತು. ಅದನ್ನೇ ಮತ್ತೆ ಮತ್ತೆ ಸುತ್ತಬೇಕು. ತಂಡದಲ್ಲಿ ಒಬ್ಬರು ಮಾತ್ರ ದಾರಿಯಲ್ಲಿರುತ್ತಾರೆ. ಅವರು ವಾಪಸ್ ಬಂದು ಟೆಂಟಿನಲ್ಲಿ ಕೈಗೆ ರಿಲೇ ಕೋಲು (ಬೇಟನ್) ಕೊಟ್ಟ ಮೇಲೇ ಮುಂದಿನವರು ಹೊರಡಬೇಕು. ಕಾರುಗಳ ಲೆ ಮಾನ್ 24 ಗಂಟೆ ರೇಸ್ ಗೊತ್ತಲ್ಲ, ಆ ಥರದ್ದನ್ನು 1992ರಲ್ಲಿ ಲೇರ್ಡ್ ನೈಟ್ ಅನ್ನುವವರು ವೆಸ್ಟ್ ವರ್ಜೀನಿಯಾದ ಕನೇನ್‌ನಲ್ಲಿ ಬೆಟ್ಟದ ಸೈಕಲ್ಲಿಗೆ ತಂದರು. ಆ ಪುಣ್ಯಾತ್ಮರಿಗೂ ಒಂದು ನಮಸ್ಕಾರ ಇರಲಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಅವರನ್ನು ಏನಂದುಕೊಂಡೆವು ಅನ್ನುವುದು ಬೇಡ.

ನಾವು ಎಂಥ ತಂಡ ಅಂದರೆ, ಹೋದ ದೀಪಾವಳಿ ಊಟದಲ್ಲಿ ಹೋಳಿಗೆ ಜಾಸ್ತಿಯಾಗಿ ತೂಕಡಿಸುತ್ತಿದ್ದಾಗ ಹುಟ್ಟಿದ ತಂಡ. ಶಿರಸಿಯ ಹುಡುಗ ಒಬ್ಬನೇ ನಿಜವಾದ ಸವಾರ, ಇನ್ನೂ ಮೂವತ್ತು ದಾಟಿಲ್ಲ. ಧಾರವಾಡದ ಸಾಹೇಬರು ನನ್ನ ಆಫೀಸಿನವರು. ಮಂಡ್ಯದ ತಂಗಿ ಫಾರ್ಮಸಿಯಲ್ಲಿ ಕೆಲಸ ಮಾಡುವವಳು, ನಿಂತು ನಿಂತು ಅಭ್ಯಾಸ ಆಗಿ ಸೈಕಲ್ ಮೇಲೂ ಅರ್ಧ ದಾರಿ ನಿಂತೇ ಓಡಿಸುತ್ತಾಳೆ. ನಾಲ್ಕನೆಯವನು ನಾನು, ತಿಪಟೂರು, ನಲವತ್ತಾರು ವಯಸ್ಸು, ಸ್ವಲ್ಪ ಹೊಟ್ಟೆ. ಮೂರು ತಿಂಗಳು ಪ್ರತಿ ಶನಿವಾರ ಬೆಳಿಗ್ಗೆ ಇಲ್ಲೇ ಅರಿಝೋನಾದ ಮೆಕ್‌ಡವೆಲ್ ಮೌಂಟನ್ ಪಾರ್ಕಿನ ಪೆಂಬರ್ಟನ್ ಟ್ರೇಲ್ ಸುತ್ತಿದೆವು. ಅದೂ 15 ಮೈಲಿ ಚಿಲ್ಲರೆ, ಅಳತೆ ಸರಿಹೋಯಿತು. ಆದರೆ ಹಗಲಲ್ಲಿ ಸುತ್ತಿದೆವು. ತಪ್ಪು ಅಲ್ಲೇ ಆಗಿದ್ದು.

ಮೊದಲು ಸಣ್ಣ ಸಣ್ಣ ಸಾಲಗಳನ್ನು ತೀರಿಸಿಬಿಡುತ್ತೇನೆ. ಚಾಂಡ್ಲರಿನ ನಮ್ಮ ಸೈಕಲ್ ಅಂಗಡಿಯ ಮೆಕ್ಯಾನಿಕ್, ನೀವು ಎಂಟೂ ಟೈರಿಗೆ ಹೊಸದಾಗಿ ಸೀಲೆಂಟ್, ಅಂದರೆ ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ, ತುಂಬಿಸಿ ಕೊಟ್ಟಿರಿ. ಚಕ್ರಕ್ಕೆ ಎಷ್ಟು ಮುಳ್ಳು ಹೊಕ್ಕಿದ್ದವು ಅಂತ ಲೆಕ್ಕ ಇಟ್ಟಿಲ್ಲ, ನಿಲ್ಲಿಸಿ ಪಂಕ್ಚರ್ ಹಾಕಿದ್ದು ಮಾತ್ರ ಒಂದೇ ಸಲ. ಪಕ್ಕದ ಟೆಂಟಿನ ನ್ಯೂ ಮೆಕ್ಸಿಕೋದವರು ಜನರೇಟರಿನಲ್ಲಿ ನಮಗೊಂದು ಪ್ಲಗ್ ಬಿಟ್ಟುಕೊಟ್ಟರು, ಕೇಳದೆಯೇ. ನನ್ನ ಹತ್ತು ವರ್ಷದ ಮಗಳು ಲೈಟಿನ ಬ್ಯಾಟರಿಗಳಿಗೆಲ್ಲ ಸ್ಟಿಕರ್ ಅಂಟಿಸಿ, ತುಂಬಿದ್ದು ಬಲಕ್ಕೆ, ಖಾಲಿಯಾದದ್ದು ಎಡಕ್ಕೆ ಅಂತ ಜೋಡಿಸಿ, ರಾತ್ರಿ ಹತ್ತರವರೆಗೆ ಅಂಗಡಿ ಇಟ್ಟುಕೊಂಡವಳ ಹಾಗೆ ಕಾವಲು ಕೂತಿದ್ದಳು. ಅವಳಮ್ಮ ಚಿತ್ರಾನ್ನ, ಮೊಸರನ್ನ, ತಿಳಿಸಾರು ಎಲ್ಲ ನೋಡಿಕೊಂಡಳು. ಅವಳಿಗೆ ಥ್ಯಾಂಕ್ಸ್ ಹೇಳಿದರೆ 'ಪಾತ್ರೆ ತೊಳೆಯಿರಿ ಸಾಕು' ಅಂದಳು. ತೊಳೆದಿದ್ದೇನೆ.

ಈಗ ದೊಡ್ಡ ಸಾಲ.

ನಮ್ಮತ್ತೆ ತಿಪಟೂರಿನಿಂದ ಬಂದು ಇಳಿದದ್ದು ಆ ವಾರದ ಬುಧವಾರ. ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ ಅಂತ ಅವರನ್ನೂ ಕರೆದುಕೊಂಡು ಹೋದೆವು. ಸ್ವೆಟರ್, ಅದರ ಮೇಲೆ ಶಾಲು, ಮಂಕಿ ಕ್ಯಾಪ್, ಕಾಲಿಗೆ ನನ್ನ ಸಾಕ್ಸ್. ಮರುಭೂಮಿ ಅಂದರೆ ಸೆಖೆ ಅಂದುಕೊಂಡಿದ್ದರು ಪಾಪ. ಫೆಬ್ರವರಿಯಲ್ಲಿ ಅಲ್ಲಿ ರಾತ್ರಿ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ಸಾವಿರಾರು ಜನ ಟೆಂಟು, ವ್ಯಾನು, ಬೆಂಕಿ ಹಾಕಿಕೊಂಡು ಕೂತದ್ದನ್ನು ನೋಡಿ ಅವರು ಮೊದಲು ಕೇಳಿದ್ದು, 'ಇದು ಯಾವ ದೇವರ ಜಾತ್ರೆ?' ಅಂತ. ಆಮೇಲೆ ಬೇಟನ್ ಕೈಗೆ ತಗೊಂಡು ತಿರುಗಿಸಿ ತಿರುಗಿಸಿ ನೋಡಿದರು. 'ಇಷ್ಟು ಚಿಕ್ಕ ಕೋಲಿಗೆ ಇಷ್ಟೊಂದು ಜನ ನಿದ್ದೆಗೆಡ್ತೀರಾ?'

ಹಗಲಿನ ಕಥೆ ಚೆನ್ನಾಗಿಯೇ ಇತ್ತು. ಶುರುವಿನಲ್ಲಿ ಎಲ್ಲರೂ ಸೈಕಲ್ ನಿಲ್ಲಿಸಿದ ಕಡೆಗೆ ಓಡಿಹೋಗಿ ಹತ್ತಬೇಕು, ಅದಕ್ಕೆ ಶಿರಸಿ ಹುಡುಗನನ್ನು ಬಿಟ್ಟೆವು. ಸುತ್ತಿನ ಆರಂಭದಲ್ಲೇ ಸಾಲಾಗಿ ಕಡಿದಾದ ದಿಣ್ಣೆಗಳಿವೆ. ಅವಕ್ಕೆ ಇಲ್ಲಿನವರು ಇಟ್ಟಿರುವ ಹೆಸರನ್ನು ಅತ್ತೆಗೆ ಹೇಳುವ ಹಾಗಿರಲಿಲ್ಲ. ಆಮೇಲೆ ಸಾಗ್ವಾರೊ ಕಳ್ಳಿಗಳ ನಡುವೆ ಒಂದೇ ಚಕ್ರ ಹಿಡಿಯುವಷ್ಟು ಕಾಲುದಾರಿ. ಕೊನೆಯಲ್ಲಿ ಒಂದು ದೊಡ್ಡ ಬಂಡೆಯ ಇಳಿಜಾರು. ಅದರ ಸುತ್ತ ಜನ ಬೆಂಕಿ ಹಾಕಿಕೊಂಡು ಕೂತು, ಇಳಿದವರಿಗೆ ಶಿಳ್ಳೆ, ಪಕ್ಕದ ಸುಲಭದ ದಾರಿ ಹಿಡಿದವರಿಗೆ ಗೇಲಿ ಮಾಡುತ್ತಿದ್ದರು. ಮಂಡ್ಯದ ತಂಗಿ ಪ್ರತಿ ಸಲವೂ ಬಂಡೆ ಇಳಿದಳು. ನಾನು ಗೇಲಿ ಮಾಡಿಸಿಕೊಂಡೆ.

ನನ್ನ ಮೊದಲ ಸುತ್ತು ಮುಗಿದದ್ದು ಸಂಜೆ 6:20ಕ್ಕೆ, ಸೂರ್ಯ ಮುಳುಗಿದ್ದ ಸ್ವಲ್ಪ ಹೊತ್ತಿಗೆ. ಮುಂದಿನ ಸರದಿ ರಾತ್ರಿ 11:20ರ ಸುಮಾರಿಗೆ. ಎರಡು ತಾಸು ಮಲಗೋಣ ಅಂತ ಕಾರಿನಲ್ಲಿ ಸೀಟು ಮಡಚಿ, ಫೋನಿನಲ್ಲಿ ಅಲಾರಂ ಇಟ್ಟು ಮಲಗಿದೆ. ಚಳಿಗೆ ಫೋನಿನ ಬ್ಯಾಟರಿ ಸತ್ತುಹೋಯಿತು. ಅಲಾರಂ ಎಲ್ಲಿಂದ ಹೊಡೆಯಬೇಕು? ನಮ್ಮ ಟೆಂಟಿನಲ್ಲಿದ್ದವರು ನಾನು ಆಗಲೇ ಕೋಲು ಬದಲಾಯಿಸುವ ಟೆಂಟಿಗೆ ಹೋಗಿದ್ದೇನೆ ಅಂದುಕೊಂಡರು.

ಯಾರೋ ಕಾರಿನ ಗಾಜು ಬಡಿದರು. ಧಾರವಾಡದ ಸಾಹೇಬರು. 'ಏಳ್ರಿ! ಅಕಿ ಬಂದು ನಿಂತಾಳ್ರೀ ಅಲ್ಲೆ!'

ನಾನು ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಓಡಿದೆ. ಕೋಲು ಬದಲಾಯಿಸುವ ಟೆಂಟಿನಲ್ಲಿ ಮಂಡ್ಯದ ತಂಗಿ ನಿಂತಿದ್ದಳು. ಬೆವರಿನಲ್ಲಿ ನೆಂದ ಜೆರ್ಸಿ, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಸುತ್ತ ಬೇರೆ ತಂಡದವರು ಬರುತ್ತಿದ್ದರು, ಕೊಡುತ್ತಿದ್ದರು, ಹೋಗುತ್ತಿದ್ದರು. ಅವಳು ಮಾತ್ರ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಾ ನಿಂತು 14 ನಿಮಿಷ ಆಗಿತ್ತು. ಎರಡು ಸುತ್ತುಗಳಲ್ಲಿ ಅವಳು ಪ್ರಾಣ ತೇಯ್ದು ಉಳಿಸಿದ ನಿಮಿಷಗಳು ಅಷ್ಟಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕೋಲು ನನ್ನ ಕೈಗಿಟ್ಟು, ನನ್ನ ಹೆಲ್ಮೆಟ್ ಮೇಲಿನ ಲೈಟ್ ತಾನೇ ಒತ್ತಿ ಹಚ್ಚಿದಳು.

'ಓಗಣ್ಣ, ಆಮೇಲೆ ಬೈತೀನಿ.'

ಇವತ್ತಿನವರೆಗೂ ಬೈದಿಲ್ಲ. ತಂಗಿ, ಇದು ಎಲ್ಲರ ಮುಂದೆ ಹೇಳಬೇಕಿತ್ತು. ಆ 14 ನಿಮಿಷ ನನ್ನದು, ನಿಂದಲ್ಲ.

ಹೊರಟೆ. ನಾಚಿಕೆಗೆ ಜೋರಾಗಿ ತುಳಿದೆ. ಅಲ್ಲಿ ಚೋಯಾ ಅಂತ ಒಂದು ಕಳ್ಳಿ ಇದೆ. ದೂರದಿಂದ ನೋಡಿದರೆ ಮೆತ್ತಗೆ, ಮುದ್ದಾಗಿ, ಬೆಳಕು ಬಿದ್ದರೆ ಹೊಳೆಯುತ್ತದೆ. ತಾಗಿದರೆ ಗೆಣ್ಣು ಸಮೇತ ಕಳಚಿಕೊಂಡು ಮೈಗೆ ಅಂಟಿಕೊಳ್ಳುತ್ತದೆ. ಜಿಗಿಯುವ ಕಳ್ಳಿ ಅನ್ನುತ್ತಾರೆ, ನಿಜವಾಗಿ ಜಿಗಿಯುವುದಿಲ್ಲ, ಜಿಗಿದ ಹಾಗೇ ಇರುತ್ತದೆ. ಮುಳ್ಳಿನ ತುದಿಯಲ್ಲಿ ಗಾಳದ ಹಾಗೆ ಹಿಮ್ಮುಖದ ಕೊಕ್ಕೆಗಳು. ಒಂದು ತಿರುವಿನಲ್ಲಿ ನನ್ನ ಬೆಳಕು ಒಂದು ಕಡೆ, ನಾನು ಒಂದು ಕಡೆ. ಎದ್ದು ನೋಡಿದರೆ ಎಡ ಮೊಣಕೈಗೆ ನಿಂಬೆಹಣ್ಣಿನಷ್ಟು ದಪ್ಪದ ಗೆಣ್ಣು ಕಚ್ಚಿಕೊಂಡಿದೆ. ಕೈಯಿಂದ ಕೀಳಲು ಹೋಗಿ ಬೆರಳಿಗೂ ಅಂಟಿಸಿಕೊಂಡೆ. ಈಗ ಎರಡೂ ಕೈ ಬಂದಿ.

ಆಗ ಹಿಂದಿನಿಂದ ಬಂದ ಒಬ್ಬ ಸವಾರ ನಿಲ್ಲಿಸಿದ. ಒಬ್ಬನೇ 24 ಗಂಟೆ ಓಡಿಸುವ ಸೋಲೋ ವಿಭಾಗದವನು. ಅವನಿಗೆ ಬದಲಿ ಸವಾರ ಇಲ್ಲ, ನಿದ್ದೆ ಇಲ್ಲ, ನನಗಾಗಿ ಖರ್ಚು ಮಾಡಲು ನಿಮಿಷವೂ ಇರಲಿಲ್ಲ. ಜೇಬಿನಿಂದ ಒಂದು ಬಾಚಣಿಗೆ ತೆಗೆದ. ಅಗಲ ಹಲ್ಲಿನ ಮಾಮೂಲಿ ಪ್ಲಾಸ್ಟಿಕ್ ಬಾಚಣಿಗೆ. ಅದರ ಹಲ್ಲನ್ನು ಚರ್ಮಕ್ಕೂ ಗೆಣ್ಣಿಗೂ ನಡುವೆ ತೂರಿಸಿ, 'ಆಚೆ ನೋಡು' ಅಂದು ಒಂದೇ ಸಲ ಚಿಮ್ಮಿದ. ಗೆಣ್ಣು ಕತ್ತಲೆಗೆ ಹಾರಿಹೋಯಿತು. ಬೆರಳಿನದ್ದನ್ನೂ ಹಾಗೇ ತೆಗೆದ. ನಾನು ಥ್ಯಾಂಕ್ಸ್ ಅನ್ನುವಷ್ಟರಲ್ಲಿ ಅವನ ಹಿಂದಿನ ಕೆಂಪು ದೀಪ ದಿಣ್ಣೆ ಇಳಿದಿತ್ತು. ಹೆಸರು ಗೊತ್ತಿಲ್ಲ. ಅವನು ಕನ್ನಡ ಓದುವುದಿಲ್ಲ ಅಂತಲೂ ಗೊತ್ತು. ಆದರೂ ಬರೆಯದೇ ಇರಲು ಆಗಲಿಲ್ಲ.

ನಾನು ವಾಪಸ್ ಬಂದು ಕೋಲು ಕೊಟ್ಟು ಟೆಂಟಿಗೆ ಹೋದಾಗ ರಾತ್ರಿ ಒಂದೂವರೆ. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಬಾಳೆಹಣ್ಣಿನ ರಟ್ಟಿನ ಡಬ್ಬ. ಅದರ ಮೇಲೆ ಮಗಳ ಸ್ಕೆಚ್ ಪೆನ್ನಿನಲ್ಲಿ, ಕನ್ನಡ ಅಂಕಿಯಲ್ಲಿ, ಒಂದು ಪಟ್ಟಿ. ಹೆಸರುಗಳಿಲ್ಲ. 'ಶಿರಸಿ, ಧಾರವಾಡ, ಮಂಡ್ಯ, ಅಳಿಯಂದ್ರು.' ಎದುರಿಗೆ ಯಾರು ಹೊರಟರು, ಯಾರು ಎಷ್ಟಕ್ಕೆ ಬರಬಹುದು, ಯಾರನ್ನು ಎಷ್ಟಕ್ಕೆ ಎಬ್ಬಿಸಬೇಕು.

'ಇನ್ನು ಎಬ್ಬಿಸೋ ಕೆಲಸ ನಂದು. ನಂಗೆ ಈಗ ಮಧ್ಯಾಹ್ನ ಎರಡು ಗಂಟೆ. ನಿದ್ದೆ ಎಲ್ಲಿಂದ ಬರ್ಬೇಕು?'

ಲೆಕ್ಕ ಸರಿಯಾಗಿಯೇ ಇತ್ತು. ಅರಿಝೋನಾಕ್ಕಿಂತ ತಿಪಟೂರು ಹನ್ನೆರಡೂವರೆ ಗಂಟೆ ಮುಂದೆ. ಮೂರು ದಿನದಿಂದ ನಮ್ಮನೆಯವರೆಲ್ಲ ಅವರ ಜೆಟ್ ಲ್ಯಾಗ್ ಹೇಗೆ ಹೋಗಿಸುವುದು ಅಂತ ತಲೆ ಕೆಡಿಸಿಕೊಂಡಿದ್ದೆವು. ಹೋಗದೇ ಇದ್ದದ್ದೇ ನಮ್ಮ ಪುಣ್ಯ.

ಅಲ್ಲಿಂದ ಮುಂದೆ ಒಂದು ನಿಮಿಷವೂ ಪೋಲಾಗಲಿಲ್ಲ. ಪ್ರತಿಯೊಬ್ಬರನ್ನೂ ಸರದಿಗೆ ನಲವತ್ತು ನಿಮಿಷ ಮೊದಲು ಎಬ್ಬಿಸಿದರು. ಎಬ್ಬಿಸುವುದರಲ್ಲೂ ಒಂದು ಕ್ರಮ ಇತ್ತು. ಕೂಗುವುದಿಲ್ಲ, ಅಲ್ಲಾಡಿಸುವುದಿಲ್ಲ. ಪಾದದ ಮೇಲೆ ಕೈ ಇಟ್ಟು ಸುಮ್ನೆ ಕೂರುತ್ತಾರೆ. ಎರಡೇ ನಿಮಿಷದಲ್ಲಿ ಎಚ್ಚರ ಆಗುತ್ತದೆ. ಕಣ್ಣು ಬಿಟ್ಟರೆ ಲೋಟದಲ್ಲಿ ಬಿಸಿ ರಾಗಿ ಗಂಜಿ, ಉಪ್ಪು ಮಜ್ಜಿಗೆ ಹಾಕಿದ್ದು. ಅದು ಕುಡಿದಾದ ಮೇಲೆ ಜೇಬಿಗೆ ಒಣಕೊಬ್ಬರಿ, ಬೆಲ್ಲದ ಚೂರು. ತಿಪಟೂರಿನ ಕೊಬ್ಬರಿ, ಇನ್ನೇನು? ಡಜನ್‌ಗಟ್ಟಲೆ ತಂದಿದ್ದ ಎನರ್ಜಿ ಜೆಲ್‌ಗಳು ಇನ್ನೂ ನಮ್ಮ ಗ್ಯಾರೇಜಿನಲ್ಲಿವೆ, ಬೇಕಾದವರು ಬಂದು ತಗೊಂಡು ಹೋಗಿ. ಶಿರಸಿ ಹುಡುಗ ತನ್ನ ರಾತ್ರಿ ಸುತ್ತು ಮುಗಿಸಿ ಬಂದು, 'ಎಂತ ಮಾರಾಯ್ರೆ, ಕೊಬ್ಬರಿ ಅಗಿತಾ ಇದ್ರೆ ನಿದ್ದೆನೇ ಬರೂದಿಲ್ಲ' ಅಂದ. ದವಡೆ ಕೆಲಸ ಮಾಡುತ್ತಿರುತ್ತಲ್ಲ, ಇರಬಹುದು.

ಬೆಳಿಗ್ಗೆ ಆರಕ್ಕೆ ಮುಂಚೆ ನನ್ನ ಪಾದದ ಮೇಲೆ ಕೈ ಬಂತು. 'ಅಳಿಯಂದ್ರೇ, ಏಳಿ. ಮಂಡ್ಯ ಬರೋ ಹೊತ್ತಾಯ್ತು.' ಈ ಸಲ ನಾನು ಟೆಂಟಿನಲ್ಲಿ ಇಪ್ಪತ್ತು ನಿಮಿಷ ಮೊದಲೇ ನಿಂತಿದ್ದೆ. ಎರಡೂ ಶೂ ಕಾಲಲ್ಲಿದ್ದವು. 6:35ಕ್ಕೆ ಹೊರಟೆ. ದಿಣ್ಣೆಗಳನ್ನು ಲೈಟಿನಲ್ಲಿ ಹತ್ತಿದೆ, ಆಮೇಲೆ ಯಾವಾಗ ಲೈಟ್ ಬೇಡವಾಯಿತು ಅಂತ ಗೊತ್ತೇ ಆಗಲಿಲ್ಲ. ದಕ್ಷಿಣಕ್ಕೆ ಕ್ಯಾಟಲೀನಾ ಬೆಟ್ಟಗಳ ನೆತ್ತಿ ಮೊದಲು ಕೆಂಪಾಯಿತು. ರಾತ್ರಿ ನನ್ನನ್ನು ಕಚ್ಚಿದ ಅದೇ ಚೋಯಾ ಗಿಡಗಳು ದಾರಿಯ ಎರಡೂ ಕಡೆ ಬೆಳ್ಳಗೆ ಹೊಳೆಯುತ್ತಿದ್ದವು. ಎಡ ಕೈ ಬ್ರೇಕ್ ಹಿಡಿದಾಗಲೆಲ್ಲ ನೋಯುತ್ತಿತ್ತು. ಕೊನೆಯ ಬಂಡೆಯನ್ನು ಅವತ್ತು ಇಳಿದೆ. ನೋಡಲು ಯಾರೂ ಇರಲಿಲ್ಲ, ಶಿಳ್ಳೆ ಹೊಡೆಯುವವರೆಲ್ಲ ಮಲಗಿದ್ದರು.

ಒಟ್ಟು 15 ಸುತ್ತು, 385 ಕಿಲೋಮೀಟರಿನ ಆಸುಪಾಸು. ಬೆಂಗಳೂರಿಂದ ಹೊರಟಿದ್ದರೆ ಹಾವೇರಿ ದಾಟಿ ಹುಬ್ಬಳ್ಳಿ ಹತ್ತಿರ ಇರುತ್ತಿದ್ದೆವು. ನಮ್ಮ ಸ್ಥಾನ ಎಷ್ಟು ಅಂತ ಕೇಳಬೇಡಿ, ಪಟ್ಟಿಯಲ್ಲಿ ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತದೆ.

ಕೊನೆಯ ಸುತ್ತು ಮಂಡ್ಯದ ತಂಗಿಯದು. ಹನ್ನೆರಡಕ್ಕೆ ಮುಂಚೆ ಹೊರಟಿದ್ದ ಅವಳು ಮಧ್ಯಾಹ್ನ ಒಂದರ ಹತ್ತಿರ ಬಂದಳು. ನಾವೆಲ್ಲ ಗೆರೆ ಹತ್ತಿರ ನಿಂತು ಕಿರುಚಿ ಗಂಟಲು ಹರಿದುಕೊಂಡೆವು. ಧಾರವಾಡದ ಸಾಹೇಬರು ಅತ್ತೇಬಿಟ್ಟರು, ಧೂಳು ಅಂದರು. ಫೋಟೋಗೆ ಅತ್ತೆಯನ್ನು ಕರೆಯೋಣ ಅಂತ ಟೆಂಟಿಗೆ ಹೋದರೆ, ಅವರು ಕುರ್ಚಿಯಲ್ಲೇ ಶಾಲು ಹೊದ್ದು ನಿದ್ದೆ ಹೋಗಿದ್ದರು. ಮಡಿಲಲ್ಲಿ ರಟ್ಟಿನ ಪಟ್ಟಿ, ಎಲ್ಲ ಊರುಗಳ ಮುಂದೆಯೂ ಗೆರೆ ಎಳೆದಾಗಿತ್ತು. ತಿಪಟೂರಿನಲ್ಲಿ ಆಗ ರಾತ್ರಿ ಒಂದೂವರೆ. ಹಾಗಾಗಿ ಫೋಟೋದಲ್ಲಿ ಅತ್ತೆ ಇಲ್ಲ.

ಕಾರಿಗೆ ಕೂರಿಸಿದಾಗಲೂ ಪೂರ್ತಿ ಎಚ್ಚರ ಆಗಲಿಲ್ಲ. ಮನೆ ದಾರಿಯಲ್ಲಿ, ಫ್ಲಾರೆನ್ಸ್ ಊರು ದಾಟುವಾಗ, ಹಿಂದಿನ ಸೀಟಿನಲ್ಲಿ ಥಟ್ಟನೆ ಎದ್ದು ಕೂತರು. ಕೈ ಮುಂದಕ್ಕೆ ಚಾಚಿ ನನ್ನ ಭುಜ ಮುಟ್ಟಿದರು.

'ಅಳಿಯಂದ್ರೇ, ಈಗ ಯಾರ ಸರದಿ?'