ಟ್ರಾನ್ಸ್‌ಫಾರ್ಮರ್ ಬದಲಿಸಿದರೆ ಸಾಲದು, ಲೈನನ್ನೂ ನೋಡಿ

ಮಾನ್ಯರೇ,

ಬೇಸಿಗೆ ಹತ್ತಿರವಾಯಿತೆಂದರೆ ‘8 ಎಂವಿಎ ಟ್ರಾನ್ಸ್‌ಫಾರ್ಮರ್ ತೆಗೆದು 20 ಎಂವಿಎ ಅಳವಡಿಕೆ’ ಎಂಬ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರುತ್ತದೆ (ಎಂವಿಎ ಎಂದರೆ ಎಷ್ಟು ಲೋಡು ಹೊರಬಲ್ಲದು ಎಂಬುದರ ಅಳತೆ). ಊರಿನವರು ಸಂತೋಷಪಡುವುದು ಸಹಜ. ಆದರೆ ಆ ಟ್ರಾನ್ಸ್‌ಫಾರ್ಮರಿಗೆ ಕರೆಂಟು ತರುವ ಲೈನು ಹಳೆಯದೇ ಆಗಿದ್ದರೆ, ತ್ರೀಫೇಸ್ ಕೊಟ್ಟ ಹೊತ್ತಿನಲ್ಲಿ ಮೋಟರು ಮೊದಲಿನಂತೆಯೇ ಗೊರಗುಟ್ಟುತ್ತದೆ, ನೀರು ಮೇಲೇರುವುದಿಲ್ಲ.

ಹಳೆ ಮೈಸೂರು ಭಾಗದ ಬಹುಪಾಲು ಉಪಕೇಂದ್ರಗಳು 66 ಕೆವಿ (66 ಸಾವಿರ ವೋಲ್ಟ್) ಲೈನುಗಳ ಮೇಲೆ ನಿಂತಿವೆ. ಉತ್ತರ ಕರ್ನಾಟಕ ಮತ್ತು ಕರಾವಳಿಯಲ್ಲಿ ಇದೇ ಕೆಲಸವನ್ನು 110 ಕೆವಿ ಮಾಡುತ್ತದೆ. ಅಷ್ಟೇ ವಿದ್ಯುತ್ತನ್ನು 66 ಕೆವಿಯಲ್ಲಿ ಸಾಗಿಸಲು 1.67 ಪಟ್ಟು ಕರೆಂಟು ಹರಿಯಬೇಕು. ತಂತಿ ಒಂದೇ ಆದರೆ ನಷ್ಟ ಸುಮಾರು 2.8 ಪಟ್ಟು. ಹೀಗಾಗಿ ನಮ್ಮ ಭಾಗದಲ್ಲಿ ಲೈನಿನ ಲೆಕ್ಕ ತಪ್ಪಿದರೆ ಪೆಟ್ಟು ದೊಡ್ಡದು.

ಒಂದು ಲೆಕ್ಕ ನೋಡಿ. 66 ಕೆವಿ ಲೈನುಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಕೊಯೊಟಿ’ ತಂತಿ ನಮ್ಮ ಬೇಸಿಗೆಯಲ್ಲಿ ಸುಮಾರು 300 ಆಂಪಿಯರ್ ತಾಳುತ್ತದೆ. ಅಂದರೆ ಒಂದು ಸರ್ಕ್ಯೂಟಿಗೆ 34 ಎಂವಿಎ ಆಸುಪಾಸು. ಇಂಥ ಒಂದು ಲೈನಿಗೆ 8 ಎಂವಿಎಯ ಮೂರು ಉಪಕೇಂದ್ರಗಳಿದ್ದರೆ ಪೂರ್ತಿ ಲೋಡಿಗೆ 210 ಆಂಪಿಯರ್, ಲೈನು ತಾಳುತ್ತದೆ. ಮೂರನ್ನೂ 20 ಎಂವಿಎಗೆ ಏರಿಸಿದರೆ ಬೇಕಾಗುವುದು 525 ಆಂಪಿಯರ್. ಅರ್ಧ ಲೋಡಿನಲ್ಲೇ ಲೈನು ಮಿತಿಯ ಅಂಚಿಗೆ ಬರುತ್ತದೆ. ಆಮೇಲೆ ಫೀಡರುಗಳನ್ನು (ಉಪಕೇಂದ್ರದಿಂದ ಊರೂರಿಗೆ ಹೋಗುವ ಲೈನುಗಳನ್ನು) ಸರದಿಯ ಮೇಲೆ ಆಫ್ ಮಾಡುವುದೊಂದೇ ದಾರಿ. ಫಲಕದ ಮೇಲೆ ಮಾತ್ರ 60 ಎಂವಿಎ ಇರುತ್ತದೆ.

ತಂತಿಯ ವಯಸ್ಸು ಕೆಳಗೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಹೊರಗಿನ ಅಲ್ಯೂಮಿನಿಯಂ ಎಳೆಗಳು ಚೆನ್ನಾಗಿಯೇ ಕಾಣುತ್ತವೆ; ಒಳಗಿನ ಉಕ್ಕಿನ ಎಳೆಗಳ ಸತುವಿನ ಲೇಪ ಸವೆದು ತುಕ್ಕು ಹಿಡಿದಿರುತ್ತದೆ. ಎಳೆಗಳ ಸಂದಿಯಲ್ಲಿ ಬಿಳಿ ಪುಡಿ, ಅಲ್ಲಲ್ಲಿ ತಂತಿ ಉಬ್ಬಿರುವುದು, ಇವೇ ಗುರುತು. ಎಷ್ಟೋ ಸಲ ಮೊದಲು ಕೈಕೊಡುವುದು ಜಾಯಿಂಟು ಮತ್ತು ಜಂಪರ್ (ಟವರಿನ ಬಳಿ ಎರಡು ಕಡೆಯ ತಂತಿಗಳನ್ನು ಸೇರಿಸುವ ತುಂಡು). ಬೋಲ್ಟು ಸಡಿಲವಾದ ಕಡೆ ಕಾವೇರುತ್ತದೆ, ಕಾವಿಗೆ ಬೋಲ್ಟು ಇನ್ನಷ್ಟು ಸಡಿಲವಾಗುತ್ತದೆ. ಥರ್ಮಲ್ ಕ್ಯಾಮೆರಾದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಗರಿಷ್ಠ ಲೋಡಿನ ಹೊತ್ತಿನಲ್ಲಿ ಹಿಡಿದರೆ ಮಾತ್ರ. ಲೋಡು ಇಳಿದ ಮೇಲೆ ತೆಗೆದ ಚಿತ್ರದಿಂದ ಪ್ರಯೋಜನವಿಲ್ಲ.

ಹೊಸ ಲೈನಿಗೆ ಜಾಗ ಸಿಗುವುದು ಕಷ್ಟ. 66 ಕೆವಿಗೆ 18 ಮೀಟರ್, 220 ಕೆವಿಗೆ 35 ಮೀಟರ್ ಅಗಲದ ದಾರಿ ಬೇಕು. ತೆಂಗಿನ ಸೀಮೆಯಲ್ಲಿ ಅದರರ್ಥ ಸಾಲುಸಾಲು ಫಲ ಬಿಡುವ ಮರ. ಪರಿಹಾರ ಕೊಡದೆ ರೈತರನ್ನು ಅಡ್ಡಿ ಮಾಡುವವರೆಂದು ದೂರುವುದು ಅನ್ಯಾಯ. ಹಳೆಯ ಟವರುಗಳ ಮೇಲೆಯೇ ಹೆಚ್ಚು ಕಾವು ತಾಳುವ ಎಚ್‌ಟಿಎಲ್‌ಎಸ್ ತಂತಿ ಎಳೆಯುವುದು ಒಳ್ಳೆಯ ಉಪಾಯ. ಹೆಚ್ಚುಕಡಿಮೆ ದುಪ್ಪಟ್ಟು ಕರೆಂಟು ಹರಿಸಬಹುದು. ಆದರೆ ಇದು ಎಲ್ಲ ಕಡೆಗೂ ಮದ್ದಲ್ಲ. ಕರೆಂಟು ದುಪ್ಪಟ್ಟಾದರೆ ನಷ್ಟ ನಾಲ್ಕು ಪಟ್ಟು, ವೋಲ್ಟೇಜ್ ಕುಸಿತವೂ ದುಪ್ಪಟ್ಟು. ನಗರದ ಸುತ್ತಲಿನ ಗಿಡ್ಡ ಲೈನುಗಳಿಗೆ ಇದು ಸರಿ. ನಲವತ್ತು ಐವತ್ತು ಕಿಲೋಮೀಟರ್ ಸಾಗುವ ಹಳ್ಳಿಗಾಡಿನ ಲೈನಿಗೆ ಬೇಕಾದದ್ದು ಲೋಡಿನ ಹತ್ತಿರ ಒಂದು 220 ಕೆವಿ ಉಪಕೇಂದ್ರ. ಎಚ್‌ಟಿಎಲ್‌ಎಸ್‌ನಲ್ಲಿ ಕಾರ್ಬನ್ ತಿರುಳಿನ ತಂತಿಯಾದರೆ ಎಳೆಯುವಾಗ ಬಿಗಿಯಾಗಿ ಬಾಗಿಸಬಾರದು. ಒಳಗೆ ಬಿರುಕುಬಿಟ್ಟದ್ದು ಆಗ ಕಾಣದೆ, ಆಮೇಲೆ ಗಾಳಿಗೆ ತುಂಡಾಗಿ ಬೀಳುತ್ತದೆ. ಕ್ಲ್ಯಾಂಪು, ಜಾಯಿಂಟುಗಳೂ ಅದರವೇ ಆಗಿರಬೇಕು.

ಉಪಕೇಂದ್ರದ ಒಳಗೂ ಇದೇ ಕಥೆ. 8 ಎಂವಿಎ ಟ್ರಾನ್ಸ್‌ಫಾರ್ಮರಿನ 11 ಕೆವಿ ಬದಿಯಲ್ಲಿ 420 ಆಂಪಿಯರ್. 20 ಎಂವಿಎ ಆದರೆ 1050. ಹಳೆಯ 800 ಆಂಪಿಯರ್ ಬ್ರೇಕರು (ಫಾಲ್ಟ್ ಆದಾಗ ಕರೆಂಟು ಕಡಿಯುವ ಸ್ವಿಚ್ಚು), ಅದಕ್ಕೆ ತಕ್ಕ ಸಿಟಿ (ಕರೆಂಟು ಅಳೆಯಲು ಇರುವ ಪುಟ್ಟ ಟ್ರಾನ್ಸ್‌ಫಾರ್ಮರ್), ಕೇಬಲ್ಲು, ಬಸ್‌ಬಾರ್ ಇದನ್ನು ತಾಳುವುದಿಲ್ಲ. 11 ಕೆವಿ ಬದಿಯ ಶಾರ್ಟ್ ಸರ್ಕ್ಯೂಟ್ ಕರೆಂಟೂ ಏರುತ್ತದೆ. ಆದ್ದರಿಂದ ರಿಲೇ (ಫಾಲ್ಟ್ ಗುರುತಿಸಿ ಬ್ರೇಕರಿಗೆ ಸೂಚನೆ ಕೊಡುವ ಸಾಧನ) ಸೆಟ್ಟಿಂಗ್ ಹೊಸದಾಗಿ ಲೆಕ್ಕ ಹಾಕಬೇಕು, ನೆಲದಡಿಯ ಅರ್ಥ್ ಮ್ಯಾಟ್ (ಅರ್ಥಿಂಗಿಗೆ ಹೂತ ಲೋಹದ ಪಟ್ಟಿಗಳ ಜಾಲ) ಅಗೆದು ನೋಡಬೇಕು. ಮೇಲೆ ಗಟ್ಟಿಯಾಗಿ ಕಾಣುವ ಪಟ್ಟಿ ಮಣ್ಣಿನೊಳಗೆ ಕಾಗದದಂತೆ ತೆಳ್ಳಗಾಗಿರುವುದುಂಟು.

ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾಗುವುದು ಬ್ಯಾಟರಿ ಕೋಣೆ. ಬ್ರೇಕರ್ ಟ್ರಿಪ್ ಆಗಬೇಕಾದರೆ ಡಿಸಿ (ಬ್ಯಾಟರಿಯಿಂದ ಬರುವ ನೇರ ವಿದ್ಯುತ್) ಬೇಕು. 110 ವೋಲ್ಟಿಗೆ 2 ವೋಲ್ಟಿನ 55 ಸೆಲ್ಲುಗಳು ಸಾಲಾಗಿರುತ್ತವೆ. ಒಂದು ಸೆಲ್ ಒಳಗೆ ಕಡಿದುಹೋದರೂ ಚಾರ್ಜರ್ ಮೀಟರು ಮಾತ್ರ ಎಂದಿನ ವೋಲ್ಟೇಜನ್ನೇ ತೋರಿಸುತ್ತಿರುತ್ತದೆ. ಫೀಡರಿನಲ್ಲಿ ಫಾಲ್ಟ್ ಆಗಿ ವೋಲ್ಟೇಜ್ ಕುಸಿದು ಚಾರ್ಜರ್ ಸೋತ ಕ್ಷಣದಲ್ಲಿ ಬ್ರೇಕರಿಗೆ ಡಿಸಿ ಸಿಗುವುದಿಲ್ಲ. ಫಾಲ್ಟು ಕಳಚದೆ, ಕೋಟಿ ಬೆಲೆಯ ಟ್ರಾನ್ಸ್‌ಫಾರ್ಮರ್ ಬೆಂದುಹೋಗುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆಯೇ ಲೋಡು ಕೊಟ್ಟು, ಸೆಲ್ಲು ಸೆಲ್ಲಿಗೂ ವೋಲ್ಟೇಜ್ ಬರೆದಿಡುವುದಕ್ಕೆ ದೊಡ್ಡ ಟೆಂಡರೇನೂ ಬೇಕಿಲ್ಲ.

ಕಡಿಮೆ ಖರ್ಚಿನ ಇನ್ನೊಂದು ಕೆಲಸ 11 ಕೆವಿ ಕೆಪ್ಯಾಸಿಟರ್‌ಗಳನ್ನು ಚಾಲೂ ಇಡುವುದು. ಪಂಪ್‌ಸೆಟ್ ಲೋಡಿನ ಪವರ್ ಫ್ಯಾಕ್ಟರ್ (ಹರಿಯುವ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಇವುಗಳ ನೆರವಿನಿಂದ 0.80ರಿಂದ 0.95ಕ್ಕೆ ಏರಿದರೆ ಲೈನಿನ ಕರೆಂಟು ಶೇ 16ರಷ್ಟು, ನಷ್ಟ ಶೇ 29ರಷ್ಟು ಇಳಿಯುತ್ತದೆ. ಒಂದು ಫ್ಯೂಸು ಹೋಯಿತೆಂದು ಇಡೀ ಕೆಪ್ಯಾಸಿಟರ್ ಗುಂಪನ್ನು ತಿಂಗಳುಗಟ್ಟಲೆ ಬಿಚ್ಚಿಡುವುದು ನಿಲ್ಲಲಿ.

ಪ್ರಸರಣ ನಿಗಮವು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಬಂಡವಾಳ ಯೋಜನೆ ಇಡುವಾಗ ಬರೀ ಎಂವಿಎ ಲೆಕ್ಕ ಕೊಟ್ಟರೆ ಸಾಲದು. ಪ್ರತಿ ಉಪಕೇಂದ್ರಕ್ಕೂ ಕರೆಂಟು ತರುವ ಲೈನು ಯಾವುದು, ತಂತಿ ಯಾವುದು, ಎಳೆದ ವರ್ಷ, ಕಳೆದ ಬೇಸಿಗೆಯ ಗರಿಷ್ಠ ಆಂಪಿಯರ್, ತುದಿಯಲ್ಲಿ ಸಿಕ್ಕ ಕನಿಷ್ಠ ವೋಲ್ಟೇಜ್, ಇವಿಷ್ಟನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಹೊಸ ಟ್ರಾನ್ಸ್‌ಫಾರ್ಮರಿಗೆ ಮಂಜೂರಾತಿ ಕೊಡುವ ಕಡತದಲ್ಲೇ ಲೈನಿನ ಲೆಕ್ಕವೂ ಇರಬೇಕು.

ತಂತಿ ಬದಲಿಸಲು ಲೈನ್ ಕ್ಲಿಯರ್ (ಕರೆಂಟು ನಿಲ್ಲಿಸಿ ಕೆಲಸಕ್ಕೆ ಕೊಡುವ ಅನುಮತಿ) ಸಿಗುವುದು ಮಳೆ ಹಿಡಿದು ಪಂಪ್‌ಸೆಟ್ ಲೋಡು ಇಳಿದಾಗ. ಜೋಡಿ ಸರ್ಕ್ಯೂಟಾದರೆ ಒಂದನ್ನು ಚಾಲೂ ಇಟ್ಟು ಇನ್ನೊಂದರ ಮೇಲೆ ಕೆಲಸ ಮಾಡಬಹುದು, ಆದರೆ ಪಕ್ಕದ ಲೈನಿನಿಂದ ಇಂಡಕ್ಷನ್ (ಮುಟ್ಟದೆಯೇ ಹತ್ತುವ ವೋಲ್ಟೇಜ್) ಬರುವುದರಿಂದ ಎರಡೂ ತುದಿಗೆ ಮತ್ತು ಕೆಲಸ ನಡೆಯುವ ಜಾಗಕ್ಕೆ ಅರ್ಥಿಂಗ್ ಕಡ್ಡಾಯ. ಜೂನ್‌ನಲ್ಲಿ ಕೆಲಸ ಶುರುವಾಗಬೇಕಾದರೆ ತಂತಿ, ಕ್ಲ್ಯಾಂಪು, ಇನ್ಸುಲೇಟರ್ ಡಿಸ್ಕುಗಳೆಲ್ಲ ಮೇ ಮುಗಿಯುವುದರೊಳಗೆ ಗೋದಾಮಿನಲ್ಲಿರಬೇಕು.

– ನಿವೃತ್ತ ವಿದ್ಯುತ್ ಎಂಜಿನಿಯರುಗಳು, ತಿಪಟೂರು