ಕೆಂಟಕಿ ಒಂದೇ ಸಾಲಿನದ್ದಲ್ಲ

ಮಾನ್ಯರೇ,

ನಿಮ್ಮ ಪತ್ರಿಕೆಯ ಅಮೆರಿಕದ ಅಂತರ್ಯುದ್ಧದ ಲೇಖನಮಾಲೆಯಲ್ಲಿ ಕೆಂಟಕಿ ರಾಜ್ಯದ ಕಥೆ ಒಂದೇ ಸಾಲಿಗೆ ಮುಗಿದಿದೆ. ತಟಸ್ಥವೆಂದು ಸಾರಿಕೊಂಡಿದ್ದ ಈ ಗಡಿರಾಜ್ಯಕ್ಕೆ 1861ರ ಸೆಪ್ಟೆಂಬರ್‌ನಲ್ಲಿ ಮೊದಲು ನುಗ್ಗಿದ್ದು ಒಕ್ಕೂಟದಿಂದ ಸಿಡಿದಿದ್ದ ದಕ್ಷಿಣ ರಾಜ್ಯಗಳ ಸೇನೆ. ಅದರ ಜನರಲ್ ಪೋಲ್ಕ್ ಕೆಂಟಕಿಯ ಕೊಲಂಬಸ್ ಊರು ಹಿಡಿದ. ಬೆನ್ನಿಗೇ ಉತ್ತರದ ಜನರಲ್ ಗ್ರಾಂಟ್ ಅದೇ ರಾಜ್ಯದ ಪಡುಕಾಕ್ಕೆ ಇಳಿದ. ಮೊದಲು ಗಡಿ ದಾಟಿದ ಅಪವಾದ ದಕ್ಷಿಣದ ತಲೆಗೇ ಬಂತು, ಕೆಂಟಕಿಯ ಶಾಸನಸಭೆ ಉತ್ತರದತ್ತ ವಾಲಿತು.

1862ರಲ್ಲಿ ಕೆಂಟಕಿಗೆ ನುಗ್ಗಿದ ದಕ್ಷಿಣದ ಜನರಲ್ ಬ್ರ್ಯಾಗ್, ಸ್ಥಳೀಯರು ತನ್ನ ಸೇನೆಗೆ ಸೇರುತ್ತಾರೆಂದು ಗಾಡಿಗಟ್ಟಲೆ ಬಂದೂಕು ತಂದ. ಹಿಡಿಯುವ ಕೈಗಳೇ ಸಾಕಷ್ಟು ಸಿಗಲಿಲ್ಲ. ಬರ ಬೇರೆ. ಅಕ್ಟೋಬರ್ 8ರ ಪೆರಿವಿಲ್ ಕಾಳಗ ಹೊತ್ತಿಕೊಂಡದ್ದು ಡಾಕ್ಟರ್ಸ್ ಕ್ರೀಕ್ ಎಂಬ ಹಳ್ಳದ ಗುಂಡಿಗಳಲ್ಲಿ ಉಳಿದಿದ್ದ ನೀರಿನ ಸುತ್ತ. (ಆ ತಿಂಗಳಲ್ಲಿ ಹಳ್ಳ ತುಂಬಿರುವ ತೀರ್ಥಹಳ್ಳಿ ಕಡೆಯವರು ನಂಬುವುದು ಕಷ್ಟ.) ದಿನದ ಮೇಲುಗೈ ತನ್ನದಾದರೂ ಬ್ರ್ಯಾಗ್ ರಾತ್ರಿಯೇ ಹಿಂದೆ ಸರಿದು, ಕಂಬರ್ಲೆಂಡ್ ಗ್ಯಾಪ್ ಎಂಬ ಕಣಿವೆದಾರಿಯ ಮೂಲಕ ಟೆನೆಸ್ಸಿಗೆ ಮರಳಿದ. ಮುಂದಿನ ಕಂತಿಗಾದರೂ ನದಿಗಳಿರುವ ನಕ್ಷೆ ಹಾಕಿ.

– ಇತಿಹಾಸ ಉಪನ್ಯಾಸಕರು, ಶಿವಮೊಗ್ಗ